ಹದಿನಾಲ್ಕನೆಯ ಸಂಯುಕ್ತ

ಫರಹತಳ ಪೇಟೆಂಟ್ ಅರ್ಜಿ ಸತ್ತು ಆರು ವರ್ಷದ ಮೇಲಾಗಿತ್ತು. ಈ ಸಂಗತಿ ಪೇಟೆಂಟ್ ಕಚೇರಿಯನ್ನು ಬಿಟ್ಟರೆ ಅವಳೊಬ್ಬಳಿಗೇ ಗೊತ್ತಿತ್ತು. ಇಂಡಿಯಲ್ಲಿ ಅವಳ ಓಣಿಯವರು, ಸಿಂದಗಿಯಲ್ಲಿ ಅವಳು ರಸಾಯನಶಾಸ್ತ್ರ ಕಲಿಸುವ ಕಾಲೇಜಿನವರು, ಎರಡೂ ಊರಿನ ನಡುವೆ ದಿನಾ ಅವಳ ಜೊತೆ ಬಸ್ಸಿನಲ್ಲಿ ಓಡಾಡುವ ಮಾಸ್ತರರು, ಎಲ್ಲರೂ ಅವಳಿಗೆ ಪೇಟೆಂಟ್ ಇದೆ ಎಂದೇ ತಿಳಿದಿದ್ದರು.

ಇದರಲ್ಲಿ ಅವಳ ತಪ್ಪೇನೂ ಇರಲಿಲ್ಲ. 2012ರಲ್ಲಿ ಅವಳು ಅರ್ಜಿ ಹಾಕಿದ್ದಳು, ಅಷ್ಟೇ. ಜಿಲ್ಲೆಯ ಒಂದು ಪತ್ರಿಕೆ ‘ಇಂಡಿ ಉಪನ್ಯಾಸಕಿಗೆ ಪೇಟೆಂಟ್ ಗರಿ’ ಎಂದು ಬರೆಯಿತು. ಫರಹತ ಪತ್ರಿಕೆ ಹಿಡಿದುಕೊಂಡು ಪ್ರಿನ್ಸಿಪಾಲರ ಬಳಿ ಹೋದಳು.

“ಸರ್, ನಾ ಬರೇ ಅರ್ಜಿ ಹಾಕೇನ್ರಿ. ಇನ್ನೂ ಕೊಟ್ಟಿಲ್ಲ.”

“ಕೊಡ್ತಾರ ಬಿಡ್ರಿ” ಎಂದು ಪ್ರಿನ್ಸಿಪಾಲರು ಮರುದಿನ ಅವಳಿಗೆ ಶಾಲು ಹೊದಿಸಿದರು. ಪೇಂಟರನನ್ನು ಕರೆಸಿ ವಿಭಾಗದ ಬಾಗಿಲ ಪಕ್ಕದ ಬೋರ್ಡಿನ ಮೇಲೆ ‘ಪೇಟೆಂಟ್: 1’ ಎಂದು ಬರೆಸಿದರು. ಅದೇ ಬೋರ್ಡಿನಲ್ಲಿ ‘ಫ್ಯಾನ್: 4’ ಎಂದೂ ಇತ್ತು. ಅವುಗಳಲ್ಲಿ ಎರಡು ತಿರುಗುತ್ತಿದ್ದವು.

ಅರ್ಜಿಯಲ್ಲಿ ಇಪ್ಪತ್ತೆರಡು ಸಂಯುಕ್ತಗಳಿದ್ದವು. ಎಲ್ಲವೂ ಹೆಟೆರೋಸೈಕ್ಲಿಕ್ ಜಾತಿಯವು. ಅಂದರೆ ಪರಮಾಣುಗಳು ಉಂಗುರದ ಹಾಗೆ ಕೂಡಿಕೊಂಡಿರುತ್ತವೆ. ಆ ಉಂಗುರದಲ್ಲಿ ಇಂಗಾಲವೊಂದೇ ಇರದೆ ನಡುನಡುವೆ ಸಾರಜನಕ, ಗಂಧಕ ಸೇರಿಕೊಂಡಿರುತ್ತವೆ. ಇವು ಗಜಕರ್ಣದ ಶಿಲೀಂಧ್ರವನ್ನು ಕೊಲ್ಲುತ್ತವೆ ಎಂಬುದು ಅರ್ಜಿಯ ವಾದ. ಫರಹತ ಇದನ್ನೆಲ್ಲ ತಾಯಿ ಜೈತುನಬಿಗೆ ಒಮ್ಮೆ ಬಿಡಿಸಿ ಹೇಳಿದ್ದಳು. ಜೈತುನಬಿ ಪೂರ್ತಿ ಕೇಳಿಸಿಕೊಂಡು, “ಗಜಕರ್ಣಕ್ಕ ಬರೇ ಗಂಧಕ ಹಚ್ಚಿದ್ರ ಆಗತಿತ್ತಲ್ಲ, ಉಂಗುರ ಯಾಕ ಮಾಡಾಕ ಹೋದಿ?” ಎಂದು ಕೇಳಿದ್ದಳು.

ಸಂಯುಕ್ತಗಳಲ್ಲಿ ಒಂದರಿಂದ ಹದಿಮೂರರವರೆಗೆ ಫರಹತ ತಾನೇ ತಯಾರಿಸಿದ್ದಳು. ಹದಿನಾಲ್ಕರಿಂದ ಇಪ್ಪತ್ತೆರಡರವರೆಗೆ ತಯಾರಿಸಿದವನು ಅವಳ ಹಳೆಯ ವಿದ್ಯಾರ್ಥಿ ಸೋಮನಿಂಗ. ಅವನು ಎಂ.ಎಸ್ಸಿ. ಓದುವಾಗ ಪ್ರಾಜೆಕ್ಟಿಗೆಂದು ಅವಳ ಲ್ಯಾಬಿಗೆ ಬಂದಿದ್ದ. ಅರ್ಜಿಯಲ್ಲಿ ಸಂಶೋಧಕರು ಎಂದು ಇಬ್ಬರ ಹೆಸರೂ ಇತ್ತು. ಅರ್ಜಿಯ ನಮೂನೆಗಳನ್ನು ಕಂಪ್ಯೂಟರಿನಲ್ಲಿ ತುಂಬಿದವನೂ ಅವನೇ.

ಮುಂದೆ ಕಚೇರಿಯಿಂದ ಪತ್ರ ಬರುತ್ತದೆಂದು ಫರಹತ ಕಾದಳು. ವರ್ಷಕ್ಕೊಮ್ಮೆ ಅಂಚೆಯವನನ್ನು ಕೇಳಿದಳು. 2019ರಲ್ಲಿ ವಿಜಯಪುರದ ಒಂದು ಕಾರ್ಯಾಗಾರಕ್ಕೆ ಹೋದಾಗ, ಪೇಟೆಂಟ್ ಅರ್ಜಿಯ ಸ್ಥಿತಿಯನ್ನು ಅಂತರ್ಜಾಲದಲ್ಲಿ ನೋಡುವುದು ಹೇಗೆಂದು ಅಲ್ಲಿಯವರು ತೋರಿಸಿಕೊಟ್ಟರು. ಅವಳು ತನ್ನ ಅರ್ಜಿಯ ಸಂಖ್ಯೆ ಒತ್ತಿದಳು. ಕಚೇರಿಯ ಆಕ್ಷೇಪಗಳಿದ್ದ ಪರೀಕ್ಷಾ ವರದಿ ಹಿಂದಿನ ವರ್ಷವೇ ಬಂದಿತ್ತು. ಆರು ತಿಂಗಳೊಳಗೆ ಉತ್ತರ ಕೊಡಬೇಕಿತ್ತು. ಉತ್ತರ ಬಾರದ್ದರಿಂದ ಅರ್ಜಿಯನ್ನು ಕೈಬಿಡಲಾಗಿದೆ ಎಂದು ಪರಿಗಣಿಸಲಾಗಿತ್ತು. ಆವತ್ತು ಊಟಕ್ಕೆ ಗೋಧಿ ಹುಗ್ಗಿ ಇತ್ತು. ಅವಳು ಊಟ ಮಾಡಿ, ಹಾಜರಿಗೆ ಸಹಿ ಹಾಕಿ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಇಂಡಿಯವರೆಗೆ ಅತ್ತಳು. ಊರು ಬಂದಾಗ ಮುಖ ಒರೆಸಿಕೊಂಡು ಇಳಿದಳು. ವರದಿ ತನಗೇಕೆ ಮುಟ್ಟಲಿಲ್ಲ ಎಂಬುದು ಅವಳಿಗೆ ತಿಳಿಯಲಿಲ್ಲ. ಸೋಮನಿಂಗ ಆಗಲೇ ಸಿಂದಗಿ ಬಿಟ್ಟು ಹೋಗಿದ್ದ, ಅವನ ನಂಬರೂ ಬದಲಾಗಿತ್ತು.

2025ರ ಏಪ್ರಿಲ್‌ನ ಒಂದು ರವಿವಾರ ಇಂಡಿಯ ಮನೆಗೆ ಒಬ್ಬ ತರುಣ ವಕೀಲ ಬಂದ. ಹೆಸರು ತಬ್ರೇಜ. ಹೈದರಾಬಾದಿನ ಒಂದು ವಕೀಲರ ಕಚೇರಿಯಲ್ಲಿ ಪೇಟೆಂಟ್ ಕೆಲಸ ನೋಡುವವನು. ಅವನ ತಾಯಿಯ ತವರು ಇಂಡಿ ಪಕ್ಕದ ಸಾಲೋಟಗಿ. ಆ ಕಚೇರಿಯಲ್ಲಿ ಇಂಡಿ ಎಲ್ಲಿದೆಯೆಂದು ಗೊತ್ತಿದ್ದವನು ಅವನೊಬ್ಬನೇ, ಅದಕ್ಕೆ ಅವನನ್ನೇ ಕಳಿಸಿದ್ದರು. ಜೈತುನಬಿ ಲಿಂಬಿ ಶರಬತ್ತು ಕೊಟ್ಟು ಒಳಗೆ ಹೋದಳು.

“ಮೇಡಮ್, ಹೆಂಗ ಹೇಳ್ಬೇಕೋ ತಿಳೀವಲ್ದು” ಎಂದ ತಬ್ರೇಜ. “ನಿಮ್ಮದು ಸತ್ತೈತ್ರಿ.”

“ಗೊತ್ತೈತಿ.”

ಒಳಗಿನಿಂದ ಜೈತುನಬಿ, “ಯಾರು ಸತ್ರು?” ಎಂದಳು.

“ಯಾರೂ ಇಲ್ಲಮ್ಮಾ. ಅರ್ಜಿ.”

“ಯಾವ ಅರ್ಜಿ?”

ತಬ್ರೇಜ ದನಿ ತಗ್ಗಿಸಿದ. “ಸತ್ತರೂ ಅದು 2013ರಾಗ ಪ್ರಕಟ ಆಗೈತ್ರಿ. ಜಗತ್ತಿನಾಗ ಯಾರು ಬೇಕಾದ್ರೂ ಓದಬಹುದು. ನಮ್ಮ ಕಕ್ಷಿದಾರರು ಒಂದು ಔಷಧ ಕಂಪನಿ. ಗಜಕರ್ಣಕ್ಕ ಹೊಸಾ ಮದ್ದು ಮಾಡ್ಯಾರ. ಪೇಟೆಂಟ್ ಕೇಳಿದ್ರು. ಪರೀಕ್ಷಕರು ನಿಮ್ಮ ಅರ್ಜಿ ತಗದು ಮುಂದ ಇಟ್ಟಾರ. ನಿಮ್ಮ ಹದಿನಾಲ್ಕನೇ ಸಂಯುಕ್ತ, ಅವರ ಮದ್ದು, ಎರಡೂ ಒಂದ. ಹೊಸಾದಲ್ಲ ಅಂದ ಮ್ಯಾಲ ಪೇಟೆಂಟ್ ಕೊಡಾಕ ಬರಂಗಿಲ್ಲ.”

“ಅಂದ್ರ ನನಗ ಪೇಟೆಂಟ್ ಇಲ್ಲ. ಆದ್ರ ಅದು ಅವರಿಗೂ ಸಿಗಂಗಿಲ್ಲ.”

“ಹಂಗ ಅನ್ರಿ.”

ಫರಹತಗೆ ಆ ಅರ್ಜಿಯ ಬಗ್ಗೆ ಆರು ವರ್ಷದಲ್ಲಿ ಮೊದಲ ಸಲ ಸಂತೋಷವಾಯಿತು. ಅದು ಮುಖದ ಮೇಲೆ ಕಾಣದಿರಲೆಂದು ಶರಬತ್ತಿನ ಲೋಟ ಎತ್ತಿಕೊಂಡಳು.

ತಬ್ರೇಜ ಚೀಲದಿಂದ ಒಂದು ಕಾಗದ ತೆಗೆದ. ಅದು ಪ್ರಮಾಣಪತ್ರ. ಹದಿನಾಲ್ಕನೆಯ ಸಂಯುಕ್ತವನ್ನು ನಾವು ನಿಜವಾಗಿ ತಯಾರಿಸಿರಲಿಲ್ಲ, ಅರ್ಜಿಯಲ್ಲಿ ಬರೆದ ವಿಧಾನದಿಂದ ಅದನ್ನು ತಯಾರಿಸಲು ಬರುವುದೂ ಇಲ್ಲ ಎಂದು ಅದರಲ್ಲಿತ್ತು. ಕೆಳಗೆ ಫರಹತಳ ಹೆಸರು, ಸಹಿಗೆ ಜಾಗ.

“ಮಾಡಾಕ ಬರದ್ದು ಬರೇ ಕಾಗದದಾಗಿದ್ರ ಅದನ್ನ ಹಳೇದಂತ ಹಿಡಿಯಂಗಿಲ್ರಿ. ನೀವು ಹೀಂಗ ಹೇಳಿದ್ರ ಕಂಪನಿಯವರ ಅರ್ಜಿಗೆ ದಾರಿ ಆಕ್ಕೈತ್ರಿ. ಅವರು ನಿಮ್ಮ ಕಾಲೇಜಿಗೆ ಹೊಸಾ ಲ್ಯಾಬ್ ಕಟ್ಟಿಸಿ ಕೊಡ್ತಾರ. ನಿಮ್ಮನ್ನ ಸಲಹೆಗಾರರಂತ ತಗೋತಾರ.”

“ಮಾಡಿದ್ವಿ ಅಂದ್ರ?”

“ಮಾಡಿದ್ರ ಸಹಿ ಮಾಡಬ್ಯಾಡ್ರಿ. ಸುಳ್ಳು ಬರಸಾಕ ನಾ ಬಂದಿಲ್ಲ” ಎಂದ ತಬ್ರೇಜ. ಶರಬತ್ತು ಮುಗಿಸಿ, “ಆದ್ರ ಇಂಥಾ ಅರ್ಜಿಯೊಳಗ ಮಾಡದ್ದೂ ಮಾಡೇವಿ ಅಂತ ಬರದಿರ್ತಾರ, ಅದು ಎಲ್ಲಾರಿಗೂ ಗೊತ್ತಿದ್ದದ್ದ. ಅದಕ್ಕ ಕೇಳಿದೆ” ಎಂದ.

“ನೋಡಿ ಹೇಳ್ತೇನಿ.”

“ಜುಲೈ ಹತ್ತಕ್ಕ ವಿಚಾರಣೆ ಐತ್ರಿ.”

ಅವನು ಹೋದ ಮೇಲೆ ಜೈತುನಬಿ ಹೊರಗೆ ಬಂದು ಮಗಳ ಎದುರು ಕೂತಳು. ಎಲ್ಲ ಕೇಳಿಸಿಕೊಂಡಿದ್ದಳು.

“ಆರು ವರ್ಷ ಆತು, ನನಗ ಹೇಳಿಲ್ಲಲ್ಲ.”

“ಏನಂತ ಹೇಳ್ಬೇಕಿತ್ತಮ್ಮಾ?”

“ಸತ್ತೈತಿ ಅಂತ. ಸತ್ತದ್ದು ಹೇಳ್ಬೇಕು. ಹೇಳಿದ್ರ ಮಂದಿ ಬಂದು ಕೂಡತಾರ.”

ಮರುದಿನ ಜೈತುನಬಿ ತಾನೇ ಓಣಿಯಲ್ಲಿ ಹೇಳಿಬಂದಳು. ಸಂಜೆ ಫರಹತ ಕಾಲೇಜಿನಿಂದ ಬರುವಷ್ಟರಲ್ಲಿ ಪಡಸಾಲೆಯಲ್ಲಿ ನಾಲ್ಕು ಮಂದಿ ಹೆಂಗಸರು ಕೂತಿದ್ದರು. ಯಾರೂ ಹೆಚ್ಚು ಮಾತಾಡಲಿಲ್ಲ. ಚಹಾ ಕುಡಿದರು. ಎದ್ದು ಹೋಗುವಾಗ ಒಬ್ಬಾಕೆ ಫರಹತಳ ಕೈ ಹಿಡಿದು, “ಇನ್ನೊಂದು ಹಾಕು” ಎಂದಳು. ಫರಹತಗೆ ತನ್ನ ಎದೆಯ ಮೇಲಿಂದ ಒಂದು ಚೀಲ ಇಳಿಸಿದಂತಾಯಿತು. ಎರಡು ದಿನಕ್ಕೆ ಸುದ್ದಿ ಬಸ್ಸಿಗೂ ಬಂತು. ಮಾಸ್ತರರು ಅವಳಿಗೆ ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟರು.

ಹದಿನಾಲ್ಕನ್ನು ಸೋಮನಿಂಗ ಮಾಡಿದ್ದನೋ ಇಲ್ಲವೋ ಎಂಬುದು ಆಗಿನ ಲ್ಯಾಬ್ ಪುಸ್ತಕದಲ್ಲಿರಬೇಕು. ಫರಹತ ಕಾಲೇಜಿನ ಉಗ್ರಾಣ ಹುಡುಕಿದಳು. ಅಲ್ಲಿ ಮುರಿದ ಬೆಂಚುಗಳು, ಚುನಾವಣೆಯ ಖಾಲಿ ಪೆಟ್ಟಿಗೆಗಳು ಇದ್ದವು, ಪುಸ್ತಕ ಇರಲಿಲ್ಲ. ಉಗ್ರಾಣಕ್ಕೆ ಸುಣ್ಣ ಹೊಡೆದ ವರ್ಷ ಹಳೆಯದೆಲ್ಲ ರದ್ದಿಗೆ ಹೋಯಿತೆಂದು ಗುಮಾಸ್ತರು ಹೇಳಿದರು. “ಕಾಳಪ್ಪನ್ನ ಕೇಳಿ ನೋಡ್ರಿ” ಎಂದರು.

ಕಾಳಪ್ಪ ಲ್ಯಾಬಿನ ಸಹಾಯಕನಾಗಿ ಮೂವತ್ತು ವರ್ಷ ಗಾಜಿನ ಸಾಮಾನು ತೊಳೆದು ನಿವೃತ್ತನಾದವನು. ಈಗ ಬಸವನ ಬಾಗೇವಾಡಿ ಕಡೆಯ ಗೊಳಸಂಗಿಯಲ್ಲಿ, ಸ್ವಂತ ಊರಿನಲ್ಲಿ, ಉಳ್ಳಾಗಡ್ಡಿ ಬೆಳೆಯುತ್ತಿದ್ದ. ಫರಹತ ಮುಂದಿನ ರವಿವಾರ ಗೊಳಸಂಗಿಗೆ ಹೋದಳು. ಕಾಳಪ್ಪ ಹೊಲದಲ್ಲಿದ್ದ. ಮೈಮೇಲೆ ಹಳೆಯ ಬಿಳಿ ಲ್ಯಾಬ್ ಕೋಟು.

“ಬಿಸಲಿಗೆ ಇದರಂಥಾದ್ದು ಇಲ್ರಿ ಮೇಡಮ್ಮಾರ” ಎಂದ.

ಪುಸ್ತಕಗಳು ಅವನ ಮನೆಯ ಟ್ರಂಕಿನಲ್ಲಿದ್ದವು. ಹನ್ನೊಂದು. “ರದ್ದಿಗೆ ಹಾಕು ಅಂದ್ರು. ಆಸಿಡ್ ಕಲಿ ಬಿದ್ದ ಪುಸ್ತಕ ರದ್ದಿಯಾವನೂ ಮುಟ್ಟಲಿಲ್ರಿ. ನೀವು ಇಷ್ಟ ಬರದೀರಿ, ಸುಡೂದು ಹ್ಯಾಂಗ ಅಂತ ತಂದೆ” ಎಂದ. ಖಾಲಿ ಹಾಳೆಗಳಲ್ಲಿ ಅವನ ಮೊಮ್ಮಗಳು ಮಗ್ಗಿ ಬರೆದಿದ್ದಳು. ಅದಕ್ಕೆ ಅವನು ಕ್ಷಮೆ ಕೇಳಿದ. ಮಗ್ಗಿಯಲ್ಲಿ ತಪ್ಪಿರಲಿಲ್ಲ.

ರೊಟ್ಟಿ, ಶೇಂಗಾ ಹಿಂಡಿ ಹಾಕಿ ಊಟಕ್ಕೆ ಕೂರಿಸಿದ. ಫರಹತ ಎಡಗೈಯಲ್ಲಿ ಪುಟ ತಿರುವುತ್ತ ಉಂಡಳು. 2012ರ ಫೆಬ್ರುವರಿಯ ಒಂದು ಪುಟ ಸೋಮನಿಂಗನ ಅಕ್ಷರದಲ್ಲಿತ್ತು: ‘14. ಬೆಳಿಗ್ಗೆ 9ಕ್ಕೆ ಕುದಿಯಲು ಇಟ್ಟೆ. ಮಧ್ಯಾಹ್ನ 1ಕ್ಕೆ ಕರೆಂಟ್ ಹೋಯಿತು. ಕೆಂಪು ಅಂಟು ಬಂತು.’ ಅದರ ಕೆಳಗೆ ಬೇರೆ ಶಾಯಿಯಲ್ಲಿ: ‘ಇಳುವರಿ 62%. ಕರಗುವ ಉಷ್ಣತೆ 187–189.’

ಅವಳು ಹಿಂದಿನ ಪುಟ ತಿರುವಿದಳು. ಹದಿಮೂರನೆಯದು, ಅವಳೇ ಮಾಡಿದ್ದು. ಕರಗುವ ಉಷ್ಣತೆ 187–189.

ಎರಡು ಬೇರೆ ವಸ್ತುಗಳು ಒಂದೇ ಉಷ್ಣತೆಗೆ ಕರಗಬಾರದೆಂದೇನಿಲ್ಲ. ಆದರೆ ಕೆಂಪು ಅಂಟು ಕರಗುವುದಿಲ್ಲ, ಯಾಕೆಂದರೆ ಅದು ಗಟ್ಟಿಯಾಗಿರುವುದೇ ಇಲ್ಲ. ಈ ಅಂಕಿಗಳನ್ನು ನೋಡಿಯೇ ಅವಳು ಅರ್ಜಿಗೆ ಸಹಿ ಹಾಕಿದ್ದಳು. ಕೆಳಗಿನ ಸಾಲು ನೋಡಿದ್ದಳು, ಮೇಲಿನದನ್ನು ಓದಿರಲಿಲ್ಲ.

“ಹಿಂಡಿ ಖಾರ ಆತೇನ್ರಿ?” ಎಂದ ಕಾಳಪ್ಪ.

“ಇಲ್ಲ, ಛಲೋ ಐತಿ. ಕಾಳಪ್ಪನವರ, ನಮ್ಮ ಸೋಮನಿಂಗ ಈಗ ಎಲ್ಲಿರ್ತಾನ?”

“ಮುದ್ದೇಬಿಹಾಳದಾಗ ಔಷಧಿ ಅಂಗಡಿ ಇಟ್ಟಾನ್ರಿ. ಬಸ್ ಸ್ಟ್ಯಾಂಡ್ ಹಂತೇಕ.”

ಅವಳು ಅಲ್ಲಿಂದಲೇ ಬಾಗೇವಾಡಿಗೆ ಬಂದು ಮುದ್ದೇಬಿಹಾಳದ ಬಸ್ಸು ಹಿಡಿದಳು. ಪುಸ್ತಕ ತೊಡೆಯ ಮೇಲಿತ್ತು.

ಸೋಮನಿಂಗನಿಗೆ ಮೂವತ್ತಾರು ಮೂವತ್ತೇಳು ಆಗಿತ್ತು. ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು. ಅಂಗಡಿಯ ಒಂದು ಮೂಲೆಯಲ್ಲಿ ಅವನ ತಾಯಿ ಕಸ್ತೂರೆವ್ವ ಕುರ್ಚಿ ಹಾಕಿಕೊಂಡು ಗಿರಾಕಿಗಳನ್ನು ನೋಡುತ್ತಿದ್ದಳು. ಫರಹತಳನ್ನು ಕಂಡು ಸೋಮನಿಂಗ ಓಡಿ ಬಂದು ಕಾಲು ಮುಟ್ಟಿದ. ಅವಳು ಪುಸ್ತಕದ ಆ ಪುಟ ತೆರೆದು ಕೌಂಟರಿನ ಮೇಲಿಟ್ಟಳು.

ಅವನು ಓದಿದ. ಬಹಳ ಹೊತ್ತು ಓದಿದ. ಪುಟದಲ್ಲಿದ್ದದ್ದು ಐದಾರು ಸಾಲು.

“ಸೋಮವಾರ ಪ್ರಾಜೆಕ್ಟ್ ಕೊಡೂದಿತ್ರಿ ಮೇಡಮ್. ಮತ್ತ ಕುದಸಾಕ ಕರೆಂಟ್ ಇರಲಿಲ್ಲ. ಒಂದರಾಗ ಏನಾಕ್ಕೈತಿ ಅಂತ ಬರದೆ.”

“ಉಳಿದ ಎಂಟು?”

“ಅವೆಲ್ಲ ಖರೇ ಅದಾವ್ರಿ. ಅವ್ವನ ಆಣಿ.”

“ನನ್ನ ಆಣಿ ಯಾಕ ಮಾಡ್ತಿ?” ಎಂದಳು ಕಸ್ತೂರೆವ್ವ.

ಫರಹತ ಆ ಪುಟದ ಮೇಲೆ ಬೆರಳಿಟ್ಟಳು. “ನನ್ನ ಹೆಸರಿನ ಕೆಳಗ ಸುಳ್ಳು ಬರದಿ, ಸೋಮನಿಂಗ. ಹದಿಮೂರು ವರ್ಷ ಅದು ಅಲ್ಲೇ ಐತಿ. ಕ್ಲಾಸಿನಾಗ ನಾ ಪ್ರತಿ ವರ್ಷ ಹುಡುಗೂರಿಗೆ ಹೇಳ್ತೇನಿ, ಬಂದದ್ದು ಬರೀರಿ, ಬರಲಿಲ್ಲ ಅಂದ್ರ ಬರಲಿಲ್ಲ ಅಂತ ಬರೀರಿ ಅಂತ.”

ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು ಕುತ್ತಿಗೆ ತೋರಿಸಿ ತುರಿಕೆಯ ಟ್ಯೂಬು ಕೇಳಿದ. ಸೋಮನಿಂಗ ಕೊಟ್ಟ. “ಇದು ಹೋದ ತಿಂಗಳೂ ಒಯ್ದಿದ್ದೆ, ನಾಟಂಗಿಲ್ಲ” ಎಂದ ಗಿರಾಕಿ. “ಬ್ಯಾರೇದು ಇಲ್ರಿ” ಎಂದ ಸೋಮನಿಂಗ.

ಗಿರಾಕಿ ಹೋದ ಮೇಲೆ ಫರಹತ ಇನ್ನೊಂದು ಪ್ರಶ್ನೆ ಕೇಳಿದಳು. “2018ರಾಗ ಕಚೇರಿಯಿಂದ ವರದಿ ಬಂದಿತ್ತಂತ. ನನಗ ಬರಲಿಲ್ಲ. ನೀ ಫಾರ್ಮಿನಾಗ ಯಾರ ವಿಳಾಸ ಕೊಟ್ಟಿದ್ದಿ?”

ಸೋಮನಿಂಗ ತಾಯಿಯ ಕಡೆ ನೋಡಿದ. ಆಮೇಲೆ ಟ್ಯೂಬುಗಳನ್ನು ಜೋಡಿಸತೊಡಗಿದ.

“ಒಂದು ಹೊಸಾ ಇ-ಮೇಲ್ ತಗದಿದ್ದೆ, ಅರ್ಜಿ ಸಲುವಾಗಿ. ಪತ್ರ ಎಲ್ಲಾ ಅಲ್ಲೇ ಬರ್ತಾವ್ರಿ.”

“ಮತ್ತ ತಗದು ನೋಡ್ಲಿಲ್ಲೇನು?”

“ಪಾಸ್‌ವರ್ಡ್ ರಾಜಶ್ರೀ ಅಂತಿತ್ರಿ.”

“ಯಾರು, ಆ ಕನ್ನೊಳ್ಳಿ ಹುಡುಗಿ?” ಎಂದಳು ಕಸ್ತೂರೆವ್ವ.

“ಹೂಂ.”

“ನಾನ ಬ್ಯಾಡ ಅಂದಿದ್ದೆ” ಎಂದು ಕಸ್ತೂರೆವ್ವ ಫರಹತಗೆ ವಿವರಿಸಿದಳು. “ಜಾತಕ ಕೂಡಲಿಲ್ಲ ಬಾಯಾರ.”

“2014ರಾಗ ಅಕೀ ಲಗ್ನ ಆತ್ರಿ, ಕಲಬುರಗಿ ಕಡೆ” ಎಂದ ಸೋಮನಿಂಗ. “ಆಮ್ಯಾಲ ಆ ಹೆಸರು ಒತ್ತಾಕ ಕೈ ಏಳಲಿಲ್ಲ. ಇವತ್ತು ನೋಡೂಣು, ನಾಳೆ ನೋಡೂಣು ಅಂದೆ. ಮುಂದ ನನ್ನದೂ ಲಗ್ನ ಆತು. ಮರತೆ.”

ಹೀಗೆ ಕನ್ನೊಳ್ಳಿಯ ಒಂದು ಜಾತಕ ಕೂಡದ್ದರಿಂದ ಚೆನ್ನೈನ ಪೇಟೆಂಟ್ ಕಚೇರಿಯಲ್ಲಿ ಇಪ್ಪತ್ತೆರಡು ಸಂಯುಕ್ತಗಳ ಅರ್ಜಿ ಸತ್ತಿತ್ತು. ಬೈಯುವುದಾದರೆ ಯಾರಿಂದ ಶುರು ಮಾಡಬೇಕೆಂದು ಫರಹತಗೆ ತಿಳಿಯಲಿಲ್ಲ. ಕಸ್ತೂರೆವ್ವ ಚಹಾ ತರಿಸಿದಳು. ಮೂವರೂ ಕುಡಿದರು.

ಫರಹತ ವಕೀಲನ ಕಾಗದದ ವಿಷಯ ಹೇಳಿದಳು. ಸೋಮನಿಂಗನ ಮುಖ ತುಸು ಹಗುರಾಯಿತು. “ಹಂಗಾದ್ರ ಸಹಿ ಮಾಡಿಬಿಡ್ರಿ ಮೇಡಮ್. ಅವರು ಬರದದ್ದು ಖರೇನ ಐತಲ್ಲ.”

“ಅದರಾಗ ಎರಡು ಮಾತು ಅದಾವ. ಮಾಡಿಲ್ಲ ಅನ್ನೂದು ಒಂದು. ಮಾಡಾಕ ಬರಂಗಿಲ್ಲ ಅನ್ನೂದು ಇನ್ನೊಂದು. ಮೊದಲನೇದು ಖರೆ. ಎರಡನೇದು ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ.”

“ಮತ್ತ?”

“ಎಂಟು ತಾಸು ಕುದಿಸಬೇಕಂತ ಅರ್ಜಿಯೊಳಗ ಬರದೀವಿ. ನೀ ನಾಲ್ಕು ತಾಸು ಕುದಿಸಿದಿ. ಕಾಲೇಜ ಸೂಟಿ ಬಿಡ್ತಾರ. ಬಾ, ಪೂರಾ ಕುದಿಸಿ ನೋಡೂಣು.”

“ನಾ ಲ್ಯಾಬ್ ಬಿಟ್ಟು ಹದಿಮೂರು ವರ್ಷ ಆತ್ರಿ.”

“ಹೋಗು” ಎಂದಳು ಕಸ್ತೂರೆವ್ವ. “ಅಂಗಡಿ ನಾ ನೋಡ್ತೇನಿ.”

ಮೇ ತಿಂಗಳಲ್ಲಿ ಕಾಲೇಜಿಗೆ ರಜೆ ಬಿತ್ತು. ಬೇಕಾದ ರಾಸಾಯನಿಕಗಳು ವಿಜಯಪುರದಿಂದ ಬರಲು ಎರಡು ವಾರ ಹಿಡಿಯಿತು. ಸೋಮನಿಂಗ ಬೆಳಗಿನ ಮೊದಲ ಬಸ್ಸಿಗೆ ಮುದ್ದೇಬಿಹಾಳದಿಂದ ಬರುತ್ತಿದ್ದ, ಫರಹತ ಇಂಡಿಯಿಂದ. ಪ್ರಿನ್ಸಿಪಾಲರಿಗೆ ಅವಳು ‘ಹಳೆಯ ಪ್ರಯೋಗ ಮುಗಿಸುವುದಿದೆ’ ಎಂದು ಬರೆದುಕೊಟ್ಟಿದ್ದಳು.

ವಿಧಾನ ಕಷ್ಟದ್ದಲ್ಲ. ಮೊದಲು ಗಂಧಕ, ಸಾರಜನಕ ಇರುವ ಒಂದು ಉಂಗುರ ಮಾಡಿಕೊಳ್ಳಬೇಕು; ಅದು ನಾಲ್ಕು ದಿನದಲ್ಲಿ ಆಯಿತು. ಆಮೇಲೆ ಅದರ ಜೊತೆ ಬ್ರೋಮಿನ್ ಇರುವ ಇನ್ನೊಂದು ವಸ್ತು ಸೇರಿಸಿ ಸ್ಪಿರಿಟ್‌ನಲ್ಲಿ ಎಂಟು ತಾಸು ಕುದಿಸಿದರೆ ಪಕ್ಕದಲ್ಲಿ ಎರಡನೆಯ ಉಂಗುರ ಕೂಡಿಕೊಳ್ಳಬೇಕು. ಫರಹತ ಅರ್ಜಿಯ ಪ್ರತಿಯನ್ನು ಗೋಡೆಗೆ ಅಂಟಿಸಿದಳು. “ಇದರಾಗ ಇದ್ದಷ್ಟ ಮಾಡೂದು. ನಿನ್ನ ತಲಿ ಓಡಸಬ್ಯಾಡ, ನಾನೂ ಓಡಸಂಗಿಲ್ಲ” ಎಂದಳು.

ಆ ಬ್ರೋಮಿನ್ ವಸ್ತುವಿನ ಬಾಟಲಿಯ ಮುಚ್ಚಳ ತೆಗೆಯುತ್ತಲೇ ಇಬ್ಬರ ಕಣ್ಣಿಂದಲೂ ನೀರು ಇಳಿಯತೊಡಗಿತು. ಅದು ಆ ರಾಸಾಯನಿಕದ ಗುಣ, ಪೊಲೀಸರ ಅಶ್ರುವಾಯುವಿನ ಜಾತಿಯದು. ಸೋಮನಿಂಗ ತೂಕ ಮಾಡಿ ಮುಚ್ಚಳ ಹಾಕಿದ. ಕಣ್ಣೊರೆಸಿಕೊಳ್ಳದೆ ಹಾಗೇ ನಿಂತು, “ತಪ್ಪಾತ್ರಿ ಮೇಡಮ್” ಎಂದ.

ಫರಹತ ಹೋಗಿ ಕಿಟಕಿ ತೆರೆದಳು. “ಗೊತ್ತೈತಿ. ಕುದಿಯಾಕ ಇಡು” ಎಂದಳು.

ಮೊದಲ ದಿನ ಮಧ್ಯಾಹ್ನ ಮೂರಕ್ಕೆ ಕರೆಂಟ್ ಹೋಯಿತು. ಇನ್ವರ್ಟರ್ ಎರಡು ಫ್ಯಾನು ತಿರುಗಿಸಿತು, ಒಲೆ ಕಾಯಿಸಲಿಲ್ಲ. ಆರು ತಾಸಿಗೆ ಏನು ಬರುತ್ತದೆಂದು ನೋಡಿದರು. ಕೆಂಪು ಅಂಟು ಬಂತು. ಸೋಮನಿಂಗ ಅದನ್ನು ಪುಸ್ತಕದಲ್ಲಿ ಬರೆದ: ‘6 ತಾಸು. ಕೆಂಪು ಅಂಟು. ಬರಲಿಲ್ಲ.’ ಕೆಳಗೆ ಸಹಿ ಹಾಕಿ ಫರಹತಗೆ ತೋರಿಸಿದ. ಅವಳೂ ಸಹಿ ಹಾಕಿದಳು, ಈ ಸಲ ಎಲ್ಲ ಸಾಲು ಓದಿ.

ಎರಡು ದಿನ ಬಿಟ್ಟು ಮತ್ತೆ ಇಟ್ಟರು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಇಬ್ಬರೂ ಸ್ಟೂಲಿನ ಮೇಲೆ ಕೂತು ಕಾದರು. ಏಳನೆಯ ತಾಸಿನಲ್ಲಿ ಕೆಂಪು ತೆಳುವಾಗುತ್ತ ಬಂತು. ಎಂಟಕ್ಕೆ ಒಲೆ ಆರಿಸಿ, ತಣಿಸಿ, ಅಡಿಗೆ ಸೋಡಾ ಕರಗಿಸಿದ ನೀರು ಸೇರಿಸಿದಾಗ ತಳದಲ್ಲಿ ತಿಳಿ ಹಳದಿ ಪುಡಿ ಕೂತಿತು. ಸೋಮನಿಂಗ ಬೀಕರನ್ನು ಬೆಳಕಿಗೆ ಹಿಡಿದು ನೋಡಿದ. ಮುದ್ದೇಬಿಹಾಳದ ಬಸ್ಸಿಗೆ ಹೊತ್ತಾಗಿತ್ತು. ಅವನು ಏಳಲೇ ಇಲ್ಲ.

ಒಣಗಿಸಿ ತೂಗಿದರು: ಇಳುವರಿ ಮೂವತ್ತೆಂಟು ಪ್ರತಿಶತ. ಕರಗುವ ಉಷ್ಣತೆ ಇನ್ನೂರಾ ಮೂರು.

“187 ಬರಬೇಕಿತ್ತಲ್ರಿ” ಎಂದ ಸೋಮನಿಂಗ ಗಾಬರಿಯಿಂದ.

“187 ನೀ ಬರದದ್ದು. 203 ಇದರದ್ದು.”

ಹಳದಿ ಪುಡಿಯನ್ನು ಚಿಕ್ಕ ಶೀಶೆಯಲ್ಲಿ ಹಾಕಿ ಧಾರವಾಡಕ್ಕೆ ಪರೀಕ್ಷೆಗೆ ಕಳಿಸಿದರು. ಮೂರು ವಾರದ ನಂತರ, ಪರಮಾಣುಗಳ ಜಾಗ ಗೆರೆಗಳಲ್ಲಿ ತೋರಿಸುವ ನಕ್ಷೆ ಬಂತು. ಫರಹತ ಮನೆಯ ಪಡಸಾಲೆಯಲ್ಲಿ ಅದನ್ನು ಹರವಿಕೊಂಡು ಒಂದೊಂದೇ ಗೆರೆ ಎಣಿಸಿದಳು. ಪ್ರತಿ ಪರಮಾಣುವೂ ಅರ್ಜಿಯ ಚಿತ್ರದಲ್ಲಿದ್ದ ಜಾಗದಲ್ಲೇ ಇತ್ತು.

“ಹುಟ್ಟಿತೇನು?” ಎಂದಳು ಜೈತುನಬಿ.

“ಹುಟ್ಟಿತಮ್ಮಾ.”

ತಬ್ರೇಜನಿಗೆ ಫೋನು ಮಾಡಿದಾಗ ಅವನು ಹೈದರಾಬಾದಿನಿಂದ ಬರುವುದಾಗಿ ಹೇಳಿದ. ಸೋಮನಿಂಗನೂ ಸಹಿ ಮಾಡಬೇಕಿತ್ತು, ಅದಕ್ಕೆ ಎಲ್ಲರಿಗೂ ನಡುವೆ ಬರುವ ಬಸವನ ಬಾಗೇವಾಡಿಯಲ್ಲಿ ಸೇರುವುದೆಂದಾಯಿತು. ಜೂನ್ ಕೊನೆಯ ವಾರ, ಕೋರ್ಟಿನ ಎದುರಿನ ನೋಟರಿಯೊಬ್ಬರ ಅಂಗಡಿ. ಪ್ರಮಾಣಪತ್ರವನ್ನು ಫರಹತ ತಾನೇ ಬರೆದುಕೊಂಡು ಬಂದಿದ್ದಳು. ನೋಟರಿ ಕನ್ನಡಕ ಏರಿಸಿ ಮೇಲಿಂದ ನೋಡಿದರು.

“ಆಸ್ತಿ ಎಲ್ಲಿ ಬರ್ತೈತ್ರಿ?”

“ಆಸ್ತಿ ಅಲ್ರಿ. ಸಂಯುಕ್ತ.”

“ಸಂಯುಕ್ತ ಅಂದ್ರ ಜಂಟಿ ಖಾತೇನ್ರಿ?”

“ಅಲ್ರಿ. ರಾಸಾಯನಿಕ.”

ನೋಟರಿ ಮತ್ತೇನೂ ಕೇಳದೆ ಸಹಿಯ ಜಾಗ ತೋರಿಸಿದರು. ಫರಹತ, ಸೋಮನಿಂಗ ಸಹಿ ಮಾಡಿದ ಮೇಲೆ ಮುದ್ರೆ ಒತ್ತಿದರು.

ತಬ್ರೇಜ ಅಲ್ಲೇ ನಿಂತು ಓದಿದ. ನಾಲ್ಕೇ ವಾಕ್ಯಗಳಿದ್ದವು. ಹದಿನಾಲ್ಕನೆಯ ಸಂಯುಕ್ತವನ್ನು 2012ರಲ್ಲಿ ನಾವು ತಯಾರಿಸಿರಲಿಲ್ಲ. ಅರ್ಜಿಯಲ್ಲಿ ಅದರ ಇಳುವರಿ, ಕರಗುವ ಉಷ್ಣತೆ ಎಂದು ಕೊಟ್ಟ ಅಂಕಿಗಳು ಸುಳ್ಳು, ಅದಕ್ಕೆ ನಾವಿಬ್ಬರೂ ಹೊಣೆ. 2025ರ ಮೇ ತಿಂಗಳಲ್ಲಿ ಅರ್ಜಿಯ ವಿಧಾನವನ್ನೇ ಅಕ್ಷರಶಃ ಅನುಸರಿಸಿದಾಗ ಆ ಸಂಯುಕ್ತ ಬಂದಿತು. ಇಳುವರಿ ಮೂವತ್ತೆಂಟು, ಕರಗುವ ಉಷ್ಣತೆ ಇನ್ನೂರಾ ಮೂರು, ನಕ್ಷೆ ಜೊತೆಗಿದೆ.

ಅವನು ಎರಡನೆಯ ಸಲ ಓದಿದ.

“ಇದರಿಂದ ನಮಗ ಉಪಯೋಗ ಇಲ್ರಿ ಮೇಡಮ್.”

“ಗೊತ್ತೈತಿ.”

“ಲ್ಯಾಬಿನ ಮಾತು ಇನ್ನ...”

“ಅದೂ ಗೊತ್ತೈತಿ.”

“ಇದನ್ನ ಒಯ್ದು ಕೊಟ್ರ ನಮ್ಮವರು ಕಚೇರಿಗೆ ಹಾಕಂಗಿಲ್ರಿ. ಹಂಗ ಇಟ್ಟುಬಿಡ್ತಾರ.”

“ಇನ್ನೊಂದು ಪ್ರತಿ ನಾ ಇವತ್ತ ನೇರ ಚೆನ್ನೈಗೆ ಕಳಸ್ತೇನಿ. ರಜಿಸ್ಟರ್ ಪೋಸ್ಟ್.”

ತಬ್ರೇಜ ಕಾಗದ ಮಡಚಿ ಚೀಲದಲ್ಲಿಟ್ಟುಕೊಂಡ. ಅವನಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. “ನಾ ಈ ಕೆಲಸಕ್ಕ ಸೇರಿ ಏಳು ವರ್ಷ ಆತ್ರಿ. ಸುಳ್ಳು ಬರದೀವಿ ಅಂತ ತಾವಾಗೇ ಬರದು ಮುದ್ರಿ ಹಾಕಿಸಿದವರನ್ನ ಇದ ಮೊದಲು ನೋಡಾಕತ್ತೇನಿ” ಎಂದ. ಆಮೇಲೆ ಅವನೇ ಹೋಗಿ ಮೂವರಿಗೂ ಚಹಾ ಹೇಳಿಬಂದ.

ಕಾಲೇಜು ಮತ್ತೆ ತೆರೆದಾಗ ಫರಹತ ಪ್ರಿನ್ಸಿಪಾಲರ ಬಳಿ ಹೋಗಿ ಬೋರ್ಡಿನ ಮೇಲಿನ ಪೇಟೆಂಟ್ ಸಾಲು ತೆಗೆಸಬೇಕೆಂದಳು. ಈಗಿನವರು ಬೇರೆ ಪ್ರಿನ್ಸಿಪಾಲರು. “ನ್ಯಾಕ್ ಸಮಿತಿಯವರು ಬಂದು ಕಾಲೇಜಿಗೆ ಗ್ರೇಡ್ ಕೊಟ್ಟು ಹೋಗ್ಲಿ ಬಿಡ್ರಿ, ಆಮ್ಯಾಲ ನೋಡೂಣು” ಎಂದರು. ಅವಳು ಲ್ಯಾಬಿಗೆ ಹೋಗಿ ಅಸಿಟೋನ್ ಬಾಟಲಿ, ಒಂದಿಷ್ಟು ಹತ್ತಿ ತಂದು, ಸ್ಟೂಲು ಹತ್ತಿ ಆ ಸಾಲನ್ನು ಒರೆಸಿದಳು. ಬಿ.ಎಸ್ಸಿ. ಮೊದಲ ವರ್ಷದ ಹುಡುಗಿಯರು ನಿಂತು ನೋಡಿದರು. ಯಾಕೆಂದು ಒಬ್ಬಳು ಕೇಳಿದಳು. ಫರಹತ ಕೆಳಗಿಳಿದು ಮೊದಲಿನಿಂದ ಹೇಳಿದಳು. ಆವತ್ತು ಪಾಠ ಆಗಲಿಲ್ಲ.

ಸೆಪ್ಟೆಂಬರಿನಲ್ಲಿ ತಬ್ರೇಜ ಪೇಟೆಂಟ್ ಕಚೇರಿಯ ಆದೇಶದ ಪ್ರತಿಯನ್ನು ಅವಳ ಫೋನಿಗೆ ಕಳಿಸಿದ. ಕಂಪನಿಯವರು ಸಂಯುಕ್ತದ ಮೇಲಿನ ಹಕ್ಕಿನ ಮಾತು ಬಿಟ್ಟಿದ್ದರು. ಅದನ್ನು ಬೆರೆಸುವ ಮುಲಾಮಿನ ಒಂದು ಬಗೆಯನ್ನಷ್ಟೇ ಉಳಿಸಿಕೊಂಡಿದ್ದರು. ಹದಿನಾಲ್ಕನೆಯ ಸಂಯುಕ್ತವನ್ನು ಇನ್ನು ಯಾರು ಬೇಕಾದರೂ ಮಾಡಬಹುದಿತ್ತು, ಯಾರೂ ಮಾಡದೆಯೂ ಇರಬಹುದಿತ್ತು. ಫರಹತ ಸಿಂದಗಿಯಿಂದ ಮರಳುವ ಬಸ್ಸಿನಲ್ಲಿ ಹದಿನೇಳು ಪುಟವನ್ನೂ ಓದಿದಳು. ಪುಟ ಒಂಬತ್ತರಲ್ಲಿ ತನ್ನ ಹೆಸರು ಸಿಕ್ಕಿತು. ಅದನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು, ಮತ್ತೆ ಚಿಕ್ಕದು ಮಾಡಿದಳು. ಮನಸ್ಸು ತಡೆಯದೆ ಸೋಮನಿಂಗನಿಗೆ ಫೋನು ಹಚ್ಚಿ ಓದಿ ಹೇಳಿದಳು.

“ಅದರಾಗ ನನ್ನ ಹೆಸರು ಐತೇನ್ರಿ?” ಎಂದ ಸೋಮನಿಂಗ.

“ಫರಹತ ಮತ್ತು ಇತರರು ಅಂತ ಐತಿ.”

“ಇತರರು ಅಂದ್ರ ಯಾರ್ಯಾರ್ರಿ?”

“ನೀ ಒಬ್ಬನ.”

ಅವನು ಫೋನು ಕಿವಿಯಿಂದ ದೂರ ಹಿಡಿದು ತಾಯಿಗೆ ಹೇಳುವುದು ಕೇಳಿಸಿತು: “ಅವ್ವಾ, ಸರಕಾರದ ಕಾಗದದಾಗ ನಾ ಬಂದೇನಿ.”

“ಬರ್ರಿ, ಬರ್ರಿ” ಎಂದು ಕಸ್ತೂರೆವ್ವ ಯಾರನ್ನೋ ಕರೆಯುತ್ತಿದ್ದಳು. “ಏ, ಫೋನ್ ಇಡು. ಗಿರಾಕಿ ನಿಂತಾರ.”